ಟ್ಯಾಮ್ಸಿನ್ ಎಂಬ ಕಾರ್ಡು

ನಮ್ಮ ಪ್ರೆಸ್ಸಿನಲ್ಲಿ ಅರ್ಥಗಳಿಗೆ ಸಕ್ಕರೆ ಹಾಕುವುದು ಅಂತ ಒಂದು ಕೆಲಸವಿದೆ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಮಾಡುತ್ತಿರುವವಳು ನಾನು.

ಅಂಗಡಿಗಳಲ್ಲಿ ತಿರುಗುವ ಸ್ಟ್ಯಾಂಡಿಗೆ ಸಿಕ್ಕಿಸಿದ ಹೆಸರಿನ ಕಾರ್ಡುಗಳನ್ನು ನೀವು ನೋಡಿರಬಹುದು. ಮೇಲೆ ದಪ್ಪಕ್ಷರದಲ್ಲಿ ಒಂದು ಹೆಸರು, ಅದರ ಕೆಳಗೆ ಅದು ಎಲ್ಲಿಂದ ಬಂತು ಎಂಬ ಒಂದು ಸಾಲು, ಆಮೇಲೆ ಅರ್ಥ, ಮೂಲೆಯಲ್ಲೊಂದು ಹೂವು. ಜನ ಸ್ಟ್ಯಾಂಡನ್ನು ತಿರುಗಿಸಿ ತಿರುಗಿಸಿ ತಮ್ಮ ಹೆಸರು ಹುಡುಕುತ್ತಾರೆ, ಸಿಕ್ಕಿದರೆ ಹಿಗ್ಗುತ್ತಾರೆ. ಆ ಕಾರ್ಡುಗಳು ಅಚ್ಚಾಗುವುದು ನಮ್ಮಲ್ಲಿ. ಇಂಗ್ಲಿಷ್ ಹೆಣ್ಣು ಹೆಸರುಗಳೇ ಏಳುನೂರರ ಹತ್ತಿರ ಇವೆ.

ಕಷ್ಟವೇನೆಂದರೆ, ಹೆಸರುಗಳ ಮೂಲ ಕೆದಕಿದರೆ ಎಲ್ಲದರಲ್ಲೂ ಹೂವೇ ಸಿಕ್ಕುವುದಿಲ್ಲ. ಕ್ಲಾಡಿಯಾ ಎಂಬ ಚೆಂದದ ಹೆಸರಿನ ಬುಡದಲ್ಲಿರುವುದು ‘ಕುಂಟು’. ಸಿಸಿಲಿಯ ಬುಡದಲ್ಲಿರುವುದು ‘ಕುರುಡು’. ಮ್ಯಾಲರಿ ಎಂದರೆ ನತದೃಷ್ಟ. ಮಗಳ ಹುಟ್ಟುಹಬ್ಬಕ್ಕೆ ‘ನತದೃಷ್ಟಳೇ’ ಎಂದು ಬರೆದ ಕಾರ್ಡನ್ನು ಯಾವ ತಾಯಿ ಕೊಂಡಾಳು? ಅದಕ್ಕೇ ಯಜಮಾನರ ನಿಯಮ: ಅಳುವ ಅರ್ಥ ಅಚ್ಚಿಗೆ ಹೋಗಕೂಡದು. ಹಾಗಾಗಿ ಕ್ಲಾಡಿಯಾ ‘ನೆಲ ನೋಡಿ ನಿಧಾನ ನಡೆಯುವವಳು’ ಆದಳು. ಸಿಸಿಲಿ ‘ಒಳಗಣ್ಣಿನಿಂದ ಕಾಣುವವಳು’. ಮ್ಯಾಲರಿ ‘ತನ್ನ ಅದೃಷ್ಟವನ್ನು ತಾನೇ ಕಟ್ಟಿಕೊಳ್ಳುವವಳು’. ಇದಕ್ಕೇ ನಾವು ಸಕ್ಕರೆ ಹಾಕುವುದು ಎನ್ನುತ್ತೇವೆ. ಪ್ರೆಸ್ಸಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಅರ್ಥದಮ್ಮ ಎಂದು.

ಈ ಕುರ್ಚಿಯಲ್ಲಿ ನನಗಿಂತ ಮೊದಲು ಕೂತಿದ್ದವರು ನನ್ನ ಅಪ್ಪ. ಅರ್ಧಕ್ಕಿಂತ ಹೆಚ್ಚು ಕಾರ್ಡುಗಳು ಅವರು ಬರೆದವೇ. ಪ್ರತಿ ಹೆಸರಿಗೂ ಒಂದು ಚೀಟಿ ಮಾಡಿ, ನಿಜವಾದ ಅರ್ಥವನ್ನು ಪೆನ್ಸಿಲ್ಲಿನಲ್ಲಿ ಬರೆದು, ಮರದ ಡ್ರಾಯರಿನಲ್ಲಿ ಅಕ್ಷರದ ಪ್ರಕಾರ ಜೋಡಿಸಿಟ್ಟಿದ್ದರು. ಸಕ್ಕರೆ ಹಾಕಿದ ಹೆಸರಾದರೆ ಚೀಟಿಯ ಮೂಲೆಯಲ್ಲಿ ಕೆಂಪು ಚುಕ್ಕಿ ಇಟ್ಟು, ಯಾರ ಕಣ್ಣಿಗೂ ಬೀಳದಂತೆ ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದರು. ಕುಂಟು, ಕುರುಡು, ದಣಿವು, ಕಹಿ, ಎಲ್ಲ ಆ ಡಬ್ಬಿಯೊಳಗೆ. ನಾನೂ ಅದೇ ಪದ್ಧತಿ ಇಟ್ಟುಕೊಂಡೆ. ನನ್ನ ಚೀಟಿಗಳನ್ನು ಡಬ್ಬಿಯ ಮುಂಭಾಗದಲ್ಲಿ ಇಡುತ್ತಾ ಬಂದೆ. ಹಿಂಭಾಗದಲ್ಲಿ ಅಪ್ಪ ನೂಲು ಸುತ್ತಿ ಇಟ್ಟಿದ್ದ ಕಟ್ಟನ್ನು ಬಿಚ್ಚುವ ಅಗತ್ಯ ಬರಲಿಲ್ಲ. ನಿಜ ಹೇಳಬೇಕೆಂದರೆ, ಅವರು ಹಾಕಿದ ಗಂಟನ್ನು ಬಿಚ್ಚಲು ಮನಸ್ಸಾಗಲಿಲ್ಲ.

ನನಗೂ ಅಪ್ಪ ಇಟ್ಟದ್ದು ಆ ಡ್ರಾಯರಿನಿಂದಲೇ ಆರಿಸಿ ತಂದ ಹೆಸರು. ಟ್ಯಾಮ್ಸಿನ್. ಮನೆಯಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ, ಎಲ್ಲರೂ ಪುಟ್ಟಿ ಎಂದೇ ಕರೆದರು. ಆದರೆ ನನ್ನ ಹಾಸಿಗೆಯ ಪಕ್ಕದ ಗೋಡೆಯಲ್ಲಿ, ಕಟ್ಟು ಹಾಕಿಸಿದ ಆ ಕಾರ್ಡು ಯಾವಾಗಲೂ ತೂಗುತ್ತಿತ್ತು. ‘ಟ್ಯಾಮ್ಸಿನ್. ಇಂಗ್ಲೆಂಡಿನ ನೈಋತ್ಯ ಮೂಲೆಯಿಂದ ಬಂದ ಹಳೆಯ ಹೆಣ್ಣು ಹೆಸರು. ಅರ್ಥ: ಒಬ್ಬಳೇ ನಿಲ್ಲಬಲ್ಲವಳು.’

ಓದು ಬರುವ ಮೊದಲೇ ನನಗೆ ಅದು ಬಾಯಿಪಾಠ. ಶಾಲೆಯಲ್ಲಿ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತರೂ, ಆಟಕ್ಕೆ ಯಾರೂ ಕರೆಯದಿದ್ದರೂ, ನನ್ನ ಹೆಸರೇ ಹಾಗಿದೆ ಅಂದುಕೊಂಡು ಮೂಗು ಮೇಲೆತ್ತಿ ನಡೆದೆ. ನನ್ನ ಒಂಬತ್ತನೇ ವಯಸ್ಸಿನಲ್ಲಿ ಅಮ್ಮ ತೀರಿಹೋದಾಗಲೂ ಹಾಗೆಯೇ ನಿಂತೆ. ಅಪ್ಪ ಹೋದ ಮೇಲೆ, ಬಂದು ನನ್ನ ಜೊತೆ ಇರು ಎಂದು ಸೋದರತ್ತೆ ಗೋಗರೆದರೂ ಹೋಗಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಹೆಸರು ಬಂತು. ಬರಲಿ ಬಿಡಿ, ಅದು ಸುಳ್ಳೇನಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ನಮ್ಮ ಕಟಿಂಗ್ ಮಾಸ್ಟರು ನನ್ನ ಮೇಜಿನ ಹತ್ತಿರ ಬಂದು, ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದರು. ಕಾಗದ ಕತ್ತರಿಸುವ ಯಂತ್ರ ಅವರದು. ನಮ್ಮಲ್ಲಿ ಒಂದೊಂದು ಹಾಳೆಗೂ ಒಂದೇ ಹೆಸರಿನ ಎರಡು ಕಾರ್ಡು ಅಕ್ಕಪಕ್ಕ ಅಚ್ಚಾಗುತ್ತವೆ. ನಡುವಿನ ಸಣ್ಣ ಗೆರೆಯ ಮೇಲೆ ಅವರು ಅಲಗು ಇಳಿಸಿ ಬೇರೆ ಮಾಡುತ್ತಾರೆ.

“ಅರ್ಥದಮ್ಮ, ನೀವೂ ಒಬ್ಬರೇ, ನಾನೂ ಒಬ್ಬನೇ. ಒಂದೇ ಮನೇಲಿ ಇದ್ರೆ ಆಗಲ್ವಾ?” ಎಂದರು.

“ನನ್ನ ಹೆಸರಿನ ಅರ್ಥ ನಿಮಗೆ ಗೊತ್ತಿಲ್ವಾ?” ಎಂದೆ.

“ಗೊತ್ತಿದೆ. ಎಷ್ಟು ಸಲ ನಾನೇ ಕತ್ತರಿಸಿದೀನಿ” ಎಂದು ಹೊರಟುಹೋದರು. ಮರುವರ್ಷ ಅವರಿಗೆ ಮದುವೆಯಾಯಿತು. ಅಂದಿನಿಂದ ನಮ್ಮಿಬ್ಬರ ನಡುವೆ ಇರುವ ಮಾತು “ಎಷ್ಟು ಹಾಳೆ?” ಎನ್ನುವುದೊಂದೇ. ಮಧ್ಯಾಹ್ನ ಅವರು ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಬಿಚ್ಚುವಾಗ ನಾನು ಕಿಟಕಿಯ ಕಡೆ ತಿರುಗಿ ಕೂರುತ್ತೇನೆ. ಹಾಗೆ ತಿರುಗುವುದು ಅಭ್ಯಾಸವಾಗಿಬಿಟ್ಟಿದೆ.

ಹೀಗೆ ನನಗೆ ಐವತ್ತಮೂರು ತುಂಬಿದ ಮೇಲೆ, ಒಂದು ಮಂಗಳವಾರ, ಯಜಮಾನರು ಒಂದು ಲಕೋಟೆಯನ್ನು ನನ್ನ ಮುಂದೆ ಹಾಕಿದರು. “ದೂರು ಬಂದಿದೆ, ಅರ್ಥದಮ್ಮ. ಅದೂ ನಿಮ್ಮ ಹೆಸರಿನ ಮೇಲೇನೇ.”

ಒಬ್ಬ ತಾಯಿ ಬರೆದ ಪತ್ರ, ಜೊತೆಗೆ ವಾಪಸು ಕಳಿಸಿದ ಕಾರ್ಡು. ಆಕೆಗೆ ಅವಳಿ ಹೆಣ್ಣುಮಕ್ಕಳು, ಆರು ವರ್ಷದವರು. ‘ಮೊದಲು ಹುಟ್ಟಿದವಳಿಗೆ ಅಜ್ಜಿಯ ಹೆಸರಿಟ್ಟೆವು. ಎರಡನೆಯವಳಿಗೆ ಬೇಕೆಂದೇ ಹುಡುಕಿ ಟ್ಯಾಮ್ಸಿನ್ ಎಂದಿಟ್ಟೆವು. ಥಾಮಸ್‌ನ ಹೆಣ್ಣು ರೂಪ ಥಾಮಸಿನಾ, ಅದು ಸವೆದು ಟ್ಯಾಮ್ಸಿನ್. ಅರ್ಥ: ಅವಳಿ. ಇದು ಹೆಸರಿನ ಪುಸ್ತಕಗಳಲ್ಲೆಲ್ಲ ಇದೆ. ನಿಮ್ಮ ಕಾರ್ಡು ಓದಿದಂದಿನಿಂದ ನನ್ನ ಮಗಳು ಅಕ್ಕನ ಜೊತೆ ಮಾತು ಬಿಟ್ಟಿದ್ದಾಳೆ. ತಾನು ಒಬ್ಬಳೇ ನಿಲ್ಲಬೇಕಂತೆ ಎಂದು ಬೇರೆ ಕೋಣೆ ಕೇಳುತ್ತಿದ್ದಾಳೆ. ದಯವಿಟ್ಟು ಸರಿಯಾದ ಕಾರ್ಡು ಕಳಿಸಿ.’

ನನಗೆ ರೇಗಿತು. ಅಪ್ಪ ತಪ್ಪು ಬರೆಯುವವರಲ್ಲ. ಥಾಮಸ್ ನನಗೂ ಗೊತ್ತು, ಅವನ ಅರ್ಥ ಅವಳಿ ಎಂಬುದೂ ಗೊತ್ತು. ನಾನು ಅವನ ಮನೆತನದವಳು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನೂರಾರು ಹೆಸರುಗಳ ಬೇರು ಕೆದಕಿದವಳು ನನ್ನ ಹೆಸರನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಗೋಡೆಯ ಮೇಲೆ ಅಪ್ಪನೇ ಬರೆದುಕೊಟ್ಟದ್ದು ಇರುವಾಗ ಯಾಕೆ ಮುಟ್ಟಬೇಕು? ‘ಮಾನ್ಯರೇ, ನಮ್ಮ ಸಂಸ್ಥೆಯ ಅರ್ಥಗಳು ಮೂಲ ಚೀಟಿಗಳನ್ನು ಆಧರಿಸಿವೆ’ ಎಂದು ಖಾರವಾಗಿಯೇ ಉತ್ತರ ಶುರುಮಾಡಿದೆ. ಚೀಟಿಯ ಸಂಖ್ಯೆ ಹಾಕಬೇಕಲ್ಲ ಎಂದು ಡ್ರಾಯರು ಎಳೆದೆ.

ಚೀಟಿ ಅಲ್ಲಿರಲಿಲ್ಲ. ಟ್ಯಾಬಿತಾ ಇತ್ತು, ಟ್ಯಾಮರಾ ಇತ್ತು, ಅದರ ಹಿಂದೆ ನನ್ನ ಹೆಸರು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಕೆಳಗೆ ಬಿದ್ದಿದೆಯೇನೋ ಎಂದು ಮೇಜಿನಡಿ ತೂರಿ ಹುಡುಕಿದೆ. ಕೊನೆಗೆ ತಗಡಿನ ಡಬ್ಬಿ ತೆಗೆದು, ಅಪ್ಪ ಕಟ್ಟಿದ ನೂಲಿನ ಗಂಟನ್ನು ಉಗುರಿನಲ್ಲಿ ಬಿಡಿಸಿದೆ.

ಕಟ್ಟಿನ ತಳದಲ್ಲಿತ್ತು. ‘ಟ್ಯಾಮ್ಸಿನ್. ಥಾಮಸಿನಾ ಎಂಬುದರ ಸವೆದ ರೂಪ. ಅವಳಿ.’ ಅಪ್ಪನ ದುಂಡಗಿನ ಅಕ್ಷರ. ಮೂಲೆಯಲ್ಲಿ ಕೆಂಪು ಚುಕ್ಕಿ.

ನಾನು ಬಹಳ ಹೊತ್ತು ಆ ಚುಕ್ಕಿಯನ್ನೇ ನೋಡುತ್ತಾ ಕೂತೆ. ಅವಳಿ ಎನ್ನುವುದು ಅಳುವ ಅರ್ಥವಲ್ಲ. ಕುಂಟಲ್ಲ, ಕುರುಡಲ್ಲ. ಹಾಗೆಯೇ ಅಚ್ಚಿಗೆ ಕಳಿಸಬಹುದಾದ, ಜನ ಇಷ್ಟಪಟ್ಟು ಕೊಳ್ಳುವ ಅರ್ಥ. ಅಪ್ಪ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಸಕ್ಕರೆ ಬೇಡದ ಕಡೆ ಒಂದು ಕಾಳೂ ಹಾಕಿದವರಲ್ಲ. ಅವರು ಚುಕ್ಕಿ ಇಟ್ಟಿದ್ದಾರೆಂದರೆ ಆ ಮಾತು ಅವರನ್ನು ಅಳಿಸಿದೆ ಎಂದೇ ಲೆಕ್ಕ. ಚೀಟಿಯನ್ನು ಪರ್ಸಿಗೆ ಹಾಕಿಕೊಂಡು, ತಲೆನೋವೆಂದು ಯಜಮಾನರಿಗೆ ಹೇಳಿ ಹೊರಬಿದ್ದೆ.

ಅತ್ತೆಯ ಮನೆಗೆ ಎರಡು ಬಸ್ಸು ಬದಲಿಸಬೇಕು. ಅಪ್ಪನ ಅಕ್ಕ ಅವಳು. ಎಂಬತ್ತಾರು ವರ್ಷ, ದರ್ಜಿಯಾಗಿದ್ದವಳು. ಕಣ್ಣು ಮಂಜಾದ ಮೇಲೆ ಹೊಲಿಗೆ ಬಿಟ್ಟಿದ್ದಾಳೆ, ಆದರೆ ಹಳೆಯ ಗುಂಡಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದಲೇ ಗುರುತು ಹಿಡಿದು ವಿಂಗಡಿಸುತ್ತಾ ಕೂರುತ್ತಾಳೆ. ನಾನು ಹೋದಾಗಲೂ ಅದನ್ನೇ ಮಾಡುತ್ತಿದ್ದಳು.

“ಅತ್ತೆ, ನನ್ನ ಹೆಸರಿನ ಅರ್ಥ ಏನು?” ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಊರಿಗೆಲ್ಲ ಅರ್ಥ ಹಂಚೋಳು ನೀನು, ನನ್ನ ಕೇಳ್ತೀಯಾ? ಒಬ್ಬಳೇ ನಿಲ್ಲಬಲ್ಲವಳು. ಚಿಕ್ಕೋಳಿದ್ದಾಗ ದಿನಕ್ಕೆ ಹತ್ತು ಸಲ ಹೇಳಿ ನನ್ನ ತಲೆ ತಿಂತಿದ್ದೆ.”

ಚೀಟಿಯನ್ನು ಅವಳ ಕೈಗಿಟ್ಟೆ. ಕನ್ನಡಕ ಹಾಕಿಕೊಳ್ಳಲಿಲ್ಲ ಅವಳು. ಕಾಗದದ ಅಂಚನ್ನು ಬೆರಳಿನಿಂದ ಸವರಿದಳು, ಕಣ್ಣಿನ ಹತ್ತಿರ ಹಿಡಿದು ಕೆಂಪು ಚುಕ್ಕಿ ನೋಡಿದಳು.

“ಹರಿದು ಹಾಕಿರ್ತಾನೆ ಅಂದ್ಕೊಂಡಿದ್ದೆ” ಎಂದಳು.

“ಏನನ್ನ?”

“ಕೂತ್ಕೋ ಪುಟ್ಟಿ.”

“ನಿಂತೇ ಇರ್ತೀನಿ. ನಿಲ್ಲೋದು ನನಗೆ ಚೆನ್ನಾಗಿ ಬರುತ್ತಲ್ಲ. ಹೇಳು.”

ಅತ್ತೆ ಹೇಳಿದಳು. ನಡುನಡುವೆ ನಿಲ್ಲಿಸಿ, ಗುಂಡಿಗಳನ್ನು ಮುಟ್ಟಿ ಮುಟ್ಟಿ ಹೇಳಿದಳು. “ಇಬ್ಬರು ಹುಟ್ಟಿದ್ರಿ. ಅವಳು ನಿನಗಿಂತ ಕಾಲು ಗಂಟೆ ದೊಡ್ಡೋಳು. ಗುಂಡುಗುಂಡಾಗಿದ್ದಳು, ದನಿ ಅಂದ್ರೆ ದನಿ. ನೀನು ನನ್ನ ಅಂಗೈಯಷ್ಟಿದ್ದೆ. ಉಳಿಯೋಳಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ದು ನಿನ್ನನ್ನೇ. ನಿನಗೆ ಬಿಸಿನೀರಿನ ಬಾಟಲಿ ಇಡೋದೇನು, ಹತ್ತಿ ಸುತ್ತೋದೇನು. ಅವಳ ಬಗ್ಗೆ ಯಾರೂ ಹೆದರಲೇ ಇಲ್ಲ. ಆರನೇ ದಿನ ಬೆಳಗ್ಗೆ ನೋಡಿದ್ರೆ ಅವಳು ತಣ್ಣಗಾಗಿದ್ದಳು. ನೀನು ಅಳ್ತಾ ಇದ್ದೆ.”

ನಾನು ಕುರ್ಚಿ ಎಳೆದುಕೊಂಡು ಕೂತೆ.

“ನಿಮ್ಮಮ್ಮ ನಿನ್ನ ಮುಟ್ಟೋದೇ ಬಿಟ್ಟಳು. ಮುಟ್ಟಿದ್ರೆ ಇವಳೂ ಹೋಗ್ತಾಳೆ ಅಂತ. ಹೆಸರಿಡೋಣ ಅಂದ್ರೆ ಬೇಡ, ಹೆಸರಿಟ್ರೆ ಕರೀಬೇಕಾಗುತ್ತೆ ಅನ್ನೋಳು. ಹಾಲು ಕುಡಿಸೋಕೆ ನಾನೇ ನಿನ್ನ ಎತ್ಕೊಂಡು ಹೋಗಿ ಅವಳ ಪಕ್ಕ ಮಲಗಿಸ್ತಿದ್ದೆ, ಆಮೇಲೆ ನಾನೇ ತರ್ತಿದ್ದೆ. ಹತ್ತು ದಿನ ಹೀಗೇ ಆಯ್ತು. ಒಂದಿನ ನಿಮ್ಮಪ್ಪ ಪ್ರೆಸ್ಸಿನಿಂದ ಈ ಚೀಟಿ ಜೇಬಲ್ಲಿ ಇಟ್ಕೊಂಡು ಬಂದ. ಮೊದಲು ನನಗೆ ತೋರಿಸಿದ. ‘ಅಕ್ಕ, ಇಬ್ಬರೂ ಈ ಹೆಸರೊಳಗೆ ಇರ್ಲಿ’ ಅಂದ. ಆಮೇಲೆ ಒಳಗೆ ಹೋಗಿ ಅವಳಿಗೆ ಹೇಳಿದ. ಅರ್ಥ ಏನು ಅಂತ ಅವಳು ಕೇಳಿದಳು.”

ಅತ್ತೆ ಒಂದು ಗುಂಡಿಯನ್ನು ಬೆರಳುಗಳ ನಡುವೆ ಹೊರಳಿಸಿದಳು.

“ಅವನು ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ. ಬಾಯಿಗೆ ಬಂದದ್ದು ಹೇಳಿದ. ಒಬ್ಬಳೇ ನಿಲ್ಲಬಲ್ಲವಳು, ಅಂದ. ಆಗ ನಿಮ್ಮಮ್ಮ ಎರಡೂ ಕೈ ಚಾಚಿದಳು. ಹಂಗಾದ್ರೆ ಕೊಡಿ ಇಲ್ಲಿ, ಅಂದಳು.”

ಹೊರಗೆ ಬೀದಿಯಲ್ಲಿ ಯಾರೋ ಗಾಡಿಯ ಹಾರನ್ನು ಬಿಡದೆ ಒತ್ತುತ್ತಿದ್ದರು. ನನಗೆ ಅಮ್ಮನ ಕೈಗಳು ನೆನಪಾದವು. ಒಂಬತ್ತು ವರ್ಷ ನನ್ನನ್ನು ಎತ್ತಿದ, ತಲೆ ಬಾಚಿದ, ಬೆನ್ನಿಗೊಂದು ಗುದ್ದಿದ ಕೈಗಳು. ಅಪ್ಪ ಆ ಸುಳ್ಳು ಹೇಳದೆ ಇದ್ದಿದ್ದರೆ ಅವು ನನಗೆ ಸಿಗುತ್ತಿರಲಿಲ್ಲವೇನೋ. ಆದರೂ ನನಗೆ ಸಿಟ್ಟೇ ಬಂತು.

“ಅಮ್ಮ ಹೋದಮೇಲಾದ್ರೂ ಹೇಳಬಹುದಿತ್ತಲ್ಲ! ನಲವತ್ತನಾಲ್ಕು ವರ್ಷ! ನೀವಿಬ್ಬರೂ ಸೇರಿ ನನ್ನನ್ನ...” ಎಂದು ಎದ್ದೆ. ಎದ್ದ ರಭಸಕ್ಕೆ ಮೊಣಕಾಲು ತಾಗಿ ಪೆಟ್ಟಿಗೆ ಮಗುಚಿತು. ಗುಂಡಿಗಳು ನೆಲದ ತುಂಬ ಉರುಳಿದವು.

“ಹೇಳ್ತೀನಿ ಹೇಳ್ತೀನಿ ಅಂತಾನೇ ಇದ್ದ ಪುಟ್ಟಿ” ಎಂದಳು ಅತ್ತೆ, ಮೆಲ್ಲಗೆ. “ಹೇಳೋಕೆ ಅಂತ ನಿನ್ನ ಕೋಣೆಗೂ ಬಂದಿದ್ದ ಒಂದ್ಸಲ. ನೀನು ಆ ಕಾರ್ಡಿನ ಗಾಜು ಒರೆಸ್ತಾ ಇದ್ದೆಯಂತೆ. ‘ಅಪ್ಪ, ಅಮ್ಮ ಇಲ್ದೇ ಇದ್ರೂ ನಾನು ಅಳಲ್ಲ, ನನ್ನ ಹೆಸರು ನೋಡಿ’ ಅಂದೆಯಂತೆ. ವಾಪಸು ಬಂದು ನನ್ನ ಹತ್ರ ಕೂತು ಅವನೇ ಅತ್ತ. ಅವಳ ಹತ್ರ ಇರೋದು ಅದೊಂದೇ ಅಕ್ಕ, ಅದನ್ನೂ ಕಿತ್ಕೊಳ್ಳಲಾ, ಅಂದ. ಅವನು ಬಾಯಿ ಬಿಡದ ಮೇಲೆ ನಾನು ಹೆಂಗೆ ಬಿಡಲಿ?”

ನಾನು ನೆಲದ ಮೇಲೆ ಕೂತು ಗುಂಡಿ ಆರಿಸತೊಡಗಿದೆ. ಮಂಚದಡಿಗೆ ಹೋದವನ್ನೂ ಬಿಡಲಿಲ್ಲ. ಅಳುವಾಗ ಮಾಡಲು ಏನಾದರೂ ಕೆಲಸವಿದ್ದರೆ ಒಳ್ಳೆಯದು.

“ಅವಳಿಗೆ ಹೆಸರಿತ್ತಾ?” ಮಂಚದಡಿಯಿಂದಲೇ ಕೇಳಿದೆ.

“ಇಡೋಷ್ಟರಲ್ಲಿ ಹೋದಳಲ್ಲ. ನಾವು ದೊಡ್ಡಪುಟ್ಟಿ, ಚಿಕ್ಕಪುಟ್ಟಿ ಅಂತಿದ್ವಿ. ಆಮೇಲೆ ನೀನು ಬರೀ ಪುಟ್ಟಿ ಆದೆ.”

ಆ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಇಪ್ಪತ್ತೆರಡು ವರ್ಷ ಕೈಚೀಲವನ್ನು ಪಕ್ಕದ ಸೀಟಿನಲ್ಲಿಟ್ಟು, ಯಾರೂ ಕೂರದಿರಲಿ ಎಂದು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದವಳು ನಾನು. ಅಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಯಾರೂ ಬಂದು ಕೂರಲಿಲ್ಲ. ಅಲ್ಲಿಯವರೆಗೆ ನಾನು ಒಬ್ಬಳೇ ಇದ್ದೆ, ನಿಜ. ಆದರೆ ಒಂಟಿ ಅನ್ನಿಸಿದ್ದು ಅಂದೇ ಮೊದಲು. ಯಾರೂ ಇಲ್ಲದಿರುವುದು ಒಂದು, ಇರಬೇಕಾದವಳು ಇಲ್ಲದಿರುವುದು ಇನ್ನೊಂದು. ಮೊದಲನೆಯದನ್ನು ನಾನು ಹೆಮ್ಮೆ ಮಾಡಿಕೊಂಡಿದ್ದೆ. ಎರಡನೆಯದನ್ನು ಏನು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಅರ್ಧ ಬರೆದಿದ್ದ ಖಾರದ ಉತ್ತರವನ್ನು ಹರಿದು ಹಾಕಿದೆ. ಹೊಸ ಕಾರ್ಡು ಬರೆದೆ. ‘ಟ್ಯಾಮ್ಸಿನ್. ಇಂಗ್ಲೆಂಡಿನ ನೈಋತ್ಯ ಮೂಲೆಯಿಂದ ಬಂದ ಹಳೆಯ ಹೆಣ್ಣು ಹೆಸರು. ಥಾಮಸಿನಾ ಎಂಬುದರ ಸವೆದ ರೂಪ. ಅರ್ಥ: ಅವಳಿ.’ ಯಜಮಾನರು ಓದಿ, ತಲೆ ಕೆರೆದುಕೊಂಡರು.

“ಇಷ್ಟು ವರ್ಷ ಒಂದು ಅರ್ಥ, ಈಗ ಇನ್ನೊಂದಾ? ನಿಮ್ಮಪ್ಪ ತಪ್ಪು ಬರೆದಿದ್ರಾ?”

“ತಪ್ಪಲ್ಲ. ಸಕ್ಕರೆ ಹಾಕಿದ್ರು.”

“ಅವಳಿ ಅನ್ನೋದಕ್ಕೆ ಯಾಕೆ ಸಕ್ಕರೆ? ಇದರಲ್ಲಿ ಅಳೋಂಥದ್ದು ಏನಿದೆ?”

“ಅದೇ, ಏನಿದೆ” ಎಂದು ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತೆ.

ಅಚ್ಚಾಗಿದ್ದು ಶನಿವಾರ. ಹಾಳೆಗಳ ರಾಶಿಯನ್ನು ಕಟಿಂಗ್ ಮಾಸ್ಟರ ಹಲಗೆಯ ಮೇಲೆ ನಾನೇ ತಂದಿಟ್ಟೆ. ಒಂದೊಂದು ಹಾಳೆಯಲ್ಲೂ ಅಕ್ಕಪಕ್ಕ ಎರಡು ಟ್ಯಾಮ್ಸಿನ್, ನಡುವೆ ಕೂದಲೆಳೆಯಷ್ಟು ಗೆರೆ.

“ಎಷ್ಟು ಹಾಳೆ?” ಎಂದರು.

“ನೂರು. ಒಂದನ್ನ ಮಾತ್ರ ಕತ್ತರಿಸಬೇಡಿ.”

“ಕತ್ತರಿಸದೆ ಸ್ಟ್ಯಾಂಡಿಗೆ ಹೆಂಗೆ ಸಿಕ್ಕಿಸೋದು?”

“ಅದು ಸ್ಟ್ಯಾಂಡಿಗಲ್ಲ. ನನಗೆ.”

ಅವರು ಹಾಳೆಯನ್ನೆತ್ತಿ ಓದಿದರು. ತುಟಿ ಆಡಿಸುತ್ತಾ ಎರಡು ಸಲ ಓದಿದರು. ಹದಿನಾಲ್ಕು ವರ್ಷಗಳಿಂದ ನನ್ನ ಮುಖ ನೋಡದಿದ್ದವರು ಆಗ ನೋಡಿದರು. ಆ ಹಾಳೆಯನ್ನು ಮಡಿಕೆ ಬೀಳದಂತೆ ಎರಡು ರಟ್ಟಿನ ನಡುವೆ ಇಟ್ಟು, ನೂಲು ಸುತ್ತಿ ಕೊಟ್ಟರು. ನಾನು ಬಾಗಿಲವರೆಗೆ ಹೋದ ಮೇಲೆ ಅಲಗು ಇಳಿಯುವ ಸದ್ದು ಕೇಳಿಸಿತು.

ಆ ಪುಟ್ಟ ಹುಡುಗಿಗೆ ಕಾರ್ಡು ಕಳಿಸಿದೆ. ಜೊತೆಗೆ ನನ್ನ ಕೈಯಲ್ಲೇ ಒಂದು ಚೀಟಿ ಬರೆದೆ: ‘ಮೊದಲಿನ ಕಾರ್ಡು ತಪ್ಪು. ಬೇರೆ ಕೋಣೆ ಕೇಳಬೇಡ, ಮರಿ. ಇವತ್ತೇ ಹೋಗಿ ಅಕ್ಕನ ಜೊತೆ ಮಾತಾಡು.’

ಭಾನುವಾರ ಗೋಡೆಯಿಂದ ಹಳೆಯ ಕಾರ್ಡು ಇಳಿಸಿದೆ. ಅದರ ಹಿಂದೆ ಗೋಡೆಯ ಬಣ್ಣ ಐವತ್ತು ವರ್ಷಗಳ ಹಿಂದಿನಷ್ಟೇ ಹೊಸದಾಗಿತ್ತು. ಹೊಸ ಹಾಳೆ ಆ ಗಾಜಿನ ಕಟ್ಟಿನಲ್ಲಿ ಹಿಡಿಯಲಿಲ್ಲ. ಅದು ಒಂದೇ ಕಾರ್ಡಿನ ಅಳತೆಯದು. ಹಾಗಾಗಿ ಹಾಳೆಯನ್ನು ಊಟದ ಮೇಜಿನ ಮೇಲೆ, ಗೋಡೆಗೆ ಒರಗಿಸಿ ನಿಲ್ಲಿಸಿದೆ. ಇನ್ನೊಂದು ಕುರ್ಚಿಯ ಮೇಲೆ ಪೇರಿಸಿದ್ದ ಹಳೆಯ ಪತ್ರಿಕೆಗಳನ್ನು ತೆಗೆದು ಕೆಳಗಿಟ್ಟೆ.

ತಟ್ಟೆಗೆ ಬಡಿಸಿಕೊಂಡು ಕೂತೆ. ಬೀದಿಯಲ್ಲಿ ಎಷ್ಟೋ ಹೆಂಗಸರನ್ನು ಅಕ್ಕ ಎಂದು ಕರೆದಿದ್ದೇನೆ, ಆದರೆ ಈ ಮನೆಯೊಳಗೆ ಆ ಪದಕ್ಕೆ ಎಂದೂ ಕೆಲಸವಿರಲಿಲ್ಲ. ಐವತ್ತಮೂರು ವರ್ಷಗಳ ಮಾತು ಬಾಕಿಯಿತ್ತು. ಅಮ್ಮನ ವಿಷಯ, ಅಪ್ಪನ ವಿಷಯ, ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದವರ ವಿಷಯ. ಎಲ್ಲಿಂದ ಶುರುಮಾಡಬೇಕೋ ಗೊತ್ತಾಗಲಿಲ್ಲ.

“ಅಕ್ಕ, ಊಟ ಆರ್ತಾ ಇದೆ” ಎಂದೆ.

ಉತ್ತರ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ತುತ್ತು ಎತ್ತದೆ ಕಾದೆ.